ಶಿಕ್ಷೆ ಆಟಗಾರನಿಗೆ ಮಾತ್ರ ಯಾಕೆ?

ಅಮೆರಿಕದ ಅತ್ಯುನ್ನತ ಲೀಗ್ ಆದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಬ್ಯಾರಿ ಬಾಂಡ್ಸ್ 762 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಇದ್ದ ಹಾಗೆ) ಹೊಡೆದಿದ್ದಾರೆ, ಅಷ್ಟು ಹೊಡೆದವರು ಬೇರೆ ಯಾರೂ ಇಲ್ಲ. ಆದರೂ ಸ್ಟೀರಾಯ್ಡ್ (ಬಲ ಹೆಚ್ಚಿಸುವ ಮದ್ದು) ತೆಗೆದುಕೊಂಡ ಆರೋಪ ಬೆನ್ನು ಬಿಡದೆ, 2022ರಲ್ಲಿ, ಅಂದರೆ ಬೇಸ್‌ಬಾಲ್ ಬರಹಗಾರರ ಮತದಾನದ ಹತ್ತನೇ ಮತ್ತು ಕೊನೆಯ ವರ್ಷದಲ್ಲೂ, ಅವರಿಗೆ ಈ ಆಟದ ಶ್ರೇಷ್ಠರನ್ನು ಗೌರವಿಸುವ ಹಾಲ್ ಆಫ್ ಫೇಮ್‌ನಲ್ಲಿ ಜಾಗ ಸಿಗಲಿಲ್ಲ. ಸರಿ, ಒಪ್ಪುತ್ತೇನೆ. ಆದರೆ ಆ ಕಾಲದಲ್ಲಿ ಲೀಗ್ ನಡೆಸುತ್ತಿದ್ದ ಕಮಿಷನರ್ ಬಡ್ ಸೆಲಿಗ್ 2017ರಲ್ಲೇ ಅಲ್ಲಿಗೆ ಸೇರಿಬಿಟ್ಟರು! ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. 1998ರಲ್ಲಿ, ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದ ಮಾರ್ಕ್ ಮೆಗ್ವೈರ್ 70 ಹೋಮ್ ರನ್ ಹೊಡೆದಾಗ ಜನ ಮುಗಿಬಿದ್ದು ನೋಡಿದರು, ಮಾಲೀಕರಿಗೆ ಒಳ್ಳೆ ದುಡ್ಡು ಬಂತು. ಸಿಕ್ಕಿಬಿದ್ದವರನ್ನು ಅಮಾನತು ಮಾಡುವುದು ಶುರುವಾಗಿದ್ದು 2005ರಲ್ಲಿ.

ಈಗ ನಿಯಮ ಗಟ್ಟಿಯಾಗಿದೆ. ಮೊದಲ ಸಲ ಸಿಕ್ಕಿಬಿದ್ದರೆ 80 ಪಂದ್ಯ ಅಮಾನತು, ಎರಡನೇ ಸಲ 162, ಮೂರನೇ ಸಲ ಆಜೀವ ನಿಷೇಧ. ಆದರೆ ತಂಡಕ್ಕೆ ಬಿಸಿ ಮುಟ್ಟುವುದೇ ಇಲ್ಲವಲ್ಲ, ಅಮಾನತಾದವನ ಸಂಬಳ ತಂಡಕ್ಕೇ ಉಳಿಯುತ್ತದೆ, ಇದು ಯಾವ ನ್ಯಾಯ? ಆ ದುಡ್ಡನ್ನು ಕಿತ್ತುಕೊಂಡು ಮೈನರ್ ಲೀಗ್, ಅಂದರೆ ಕೆಳಹಂತದ ತಂಡಗಳ ಹುಡುಗರಿಗೆ ಕೊಡಬೇಕು. ಏನೂ ತೆಗೆದುಕೊಳ್ಳದೆ ನಿಯತ್ತಾಗಿ ಆಡಿ, ಅದೇ ಕಾರಣಕ್ಕೆ ಮೇಲಿನ ತಂಡದಲ್ಲಿ ಜಾಗ ಕಳೆದುಕೊಂಡವರೂ ಅವರೇ ಅಲ್ವಾ?