ಎಮ್ಮೆಗೆ ಫ್ರೀ ಟಿಕೆಟ್ಟು

ನಾನು ಸ್ಕೂಲಲ್ಲಿ ಡ್ರಾಯಿಂಗ್ ಟೀಚರ್ ಆಗಿ ಹದಿನಾಲ್ಕು ವರ್ಷ ಆಯ್ತು, ಇಷ್ಟ್ರಲ್ಲಿ ಆ ಎರಡು ಬೆಟ್ಟಾನ ಎಷ್ಟ್ ಸಾವಿರ ಸಲ ನೋಡಿದೀನೋ ಲೆಕ್ಕ ಇಲ್ಲ. ನೀವೂ ಬರ್ದಿರ್ತೀರ ಬಿಡಿ, ಎರಡು ಬೆಟ್ಟ, ಮಧ್ಯೆ ಸೂರ್ಯ, ಕೆಳಗೊಂದು ಹೊಳೆ, ಪಕ್ಕದಲ್ಲಿ ಮನೆ, ಬಾಗಿರೋ ತೆಂಗಿನಮರ. "ಇಷ್ಟ ಬಂದಿದ್ದು ಬರೀರಿ" ಅಂದ್ರೆ ಸಾಕು, ಇಡೀ ಕ್ಲಾಸ್ ಅದನ್ನೇ ಬರೆಯುತ್ತೆ. ಮಂಡ್ಯ ಕಡೆ ಹಳ್ಳಿ ನಮ್ದು, ಕಣ್ಣಿಗೆ ಕಾಣೋದು ನಾಲೆ, ಕಬ್ಬು, ಆಲೆಮನೆ ಹೊಗೆ. ಅದನ್ನ ಒಬ್ರೂ ಬರೆಯಲ್ಲ!

ಹೋದ ವರ್ಷ ಒಂದಿನ ಎಂಟನೇ ಕ್ಲಾಸಲ್ಲಿ ಹಿಂದಿನ ಬೆಂಚಿನವ್ರು ರಾಜ ರಾಣಿ ಕಳ್ಳ ಪೊಲೀಸ್ ಆಡ್ತಾ ಸಿಕ್ಕಿಬಿದ್ರು. ಚೀಟಿ ಕಿತ್ಕೊಂಡು ಬೈದೆ, ಬೈತಾ ಬೈತಾನೇ ಹೊಳೀತು, ಇದನ್ನೇ ಯಾಕೆ ಆಡಿಸ್ಬಾರ್ದು ಅಂತ. ಮಾರನೇ ವಾರ ಮೂರು ಟಿಫನ್ ಡಬ್ಬಿ ತಗೊಂಡೋದೆ, ಒಂದ್ರಲ್ಲಿ ಪ್ರಾಣಿ, ಒಂದ್ರಲ್ಲಿ ಜಾಗ, ಒಂದ್ರಲ್ಲಿ ಕೆಲಸ, ಚೀಟಿ ಬರೆಯೋದೂ ಅವ್ರೇ. ಮೂರರಿಂದಲೂ ಒಂದೊಂದು ಚೀಟಿ ಎತ್ತಿ, ಬಂದಿದ್ದನ್ನ ಸೇರಿಸಿ ಒಂದೇ ಚಿತ್ರ ಬರೀಬೇಕು. (ಪ್ರಾಣಿ ಡಬ್ಬೀಲಿ ಯಾರೋ "ಮ್ಯಾಥ್ಸ್ ಸಾರ್" ಅಂತ ಬರ್ದಿದ್ರು, ಅದು ಈಗ್ಲೂ ನನ್ ಪರ್ಸಲ್ಲಿದೆ.)

ಒಬ್ಬ ಹುಡುಗನಿಗೆ ಎಮ್ಮೆ, ಬಸ್ಸು, ಜಗಳ ಬಂತು. "ಮಿಸ್ ಇದನ್ನ ಹೆಂಗ್ ಬರೆಯೋದು?" ಅಂದ. ನಂಗೂ ಗೊತ್ತಿಲ್ಲ ಕಣೋ ಅಂದೆ, ನಿಜವಾಗ್ಲೂ ಗೊತ್ತಿರ್ಲಿಲ್ಲ. ಪೆನ್ಸಿಲ್ ಕಚ್ತಾ ಕೂತಿದ್ದವ್ನು ಆಮೇಲೆ ಶುರು ಮಾಡ್ದ ನೋಡಿ, ಕೊಂಬು ಬಸ್ಸೊಳಗೆ ಹಿಡಿಸಲ್ಲ ಅಂತ ಒಂದನ್ನ ಕಿಟಕಿಯಿಂದ ಆಚೆ ಹಾಕಿದ, ಇನ್ನೊಂದಕ್ಕೆ ಕಂಡಕ್ಟರ್ ಬ್ಯಾಗ್ ಸಿಕ್ಕಾಕೊಂಡಿದೆ, ಎಮ್ಮೆ ಮುಂಗಾಲಲ್ಲಿ ಆಧಾರ್ ಕಾರ್ಡ್. "ಹೆಣ್ಣಲ್ವಾ ಮಿಸ್, ಫ್ರೀ ಕೊಡ್ಬೇಕು, ಅದಕ್ಕೇ ಜಗಳ." ಶಕ್ತಿ ಯೋಜನೆ ಬಂದಿದ್ದು 2023ರಲ್ಲಿ, ಎಮ್ಮೆಗೂ ಅನ್ವಯ ಆಗುತ್ತೆ ಅಂತ ಯಾರಿಗೂ ಹೊಳೆದಿರ್ಲಿಲ್ಲ ಅಷ್ಟೇ.

ಈ ಹುಡುಗ ಅದುವರೆಗೂ "ನಂಗೆ ಡ್ರಾಯಿಂಗ್ ಬರಲ್ಲ" ಅಂತ ಬುಕ್ಕೇ ತರ್ತಿರ್ಲಿಲ್ಲ. ಕೈ ಬರಲ್ಲ ಅಂತಲ್ಲ, ಚೆನ್ನಾಗಿಲ್ದಿದ್ರೆ ನಗ್ತಾರೆ ಅನ್ನೋ ಭಯ. ಈಗ ನಕ್ಕರೂ "ಚೀಟಿ ಹಂಗ್ ಬಂತು, ನಾನೇನ್ ಮಾಡ್ಲಿ" ಅನ್ಬಹುದಲ್ಲ.

ಆಮೇಲೆ ಹಾಳೆ ಮಡಚೋ ಆಟಾನೂ ಆಡ್ಸಿದೆ, ಒಬ್ರು ತಲೆ ಬರ್ದು ಮಡಚಿ ಕೊಡೋದು, ನೋಡ್ದೇನೇ ಇನ್ನೊಬ್ರು ಹೊಟ್ಟೆ, ಮತ್ತೊಬ್ರು ಕಾಲು. 1925ರ ಹೊತ್ತಿಗೆ ಪ್ಯಾರಿಸ್ಸಲ್ಲಿ ಸರ್ರಿಯಲಿಸ್ಟ್ ಕಲಾವಿದ್ರು, ಅಂದ್ರೆ ಕನಸಿನ ಥರ ವಿಚಿತ್ರ ಚಿತ್ರ ಬರೆಯೋರು, ಆಡ್ತಿದ್ದ ಆಟ ಇದು. ನಮ್ ಕ್ಲಾಸಲ್ಲಿ ಹುಂಜದ ತಲೆ, ಪೊಲೀಸ್ ಯೂನಿಫಾರ್ಮು, ಟ್ರ್ಯಾಕ್ಟರ್ ಚಕ್ರ ಬಂತು, ಗಲಾಟೆ ಕೇಳಿ ಎಚ್ಚೆಮ್ಮೂ ಬಂದ್ರು, ಬೈಸ್ಕೊಂಡಿದ್ದು ನಾನು.

ಎಲ್ಲಾ ಗೆದ್ದೆ ಅಂತೇನಿಲ್ಲ. ಒಬ್ಳಿಗೆ ಕೋಳಿ, ಆಸ್ಪತ್ರೆ, ನಿದ್ದೆ ಬಂದಿತ್ತು. ಕೋಳಿ ಬೆಡ್ ಮೇಲೆ ಕಂಬಳಿ ಹೊದ್ದು ಮಲಗಿದೆ, ರೆಕ್ಕೆಗೆ ಗ್ಲೂಕೋಸ್ ಹಾಕಿದಾರೆ, ಎಷ್ಟ್ ಚೆನ್ನಾಗಿದೆ ಅನ್ನೋಷ್ಟ್ರಲ್ಲಿ ನೋಡ್ತೀನಿ, ಬೆಡ್ ಹಿಂದೆ ಒಂದು ಕಿಟಕಿ, ಕಿಟಕಿ ಆಚೆ ಎರಡು ಬೆಟ್ಟ, ಮಧ್ಯೆ ಸೂರ್ಯ.