ಅಜ್ಜಯ್ಯನ ಮನೆಯ ಮಾಡು

ಉಡುಪಿಯ ನಮ್ಮ ಹಳೆಯ ಮನೆಯ ಮಾಡು ಬಿಚ್ಚುವಾಗ ಒಂದು ಹಂಚನ್ನು ಮಗುಚಿ ಪಾಚಿ ಉಜ್ಜಿದೆ. ‘ಬಾಸೆಲ್ ಮಿಷನ್’ ಎಂಬ ಅಚ್ಚು ಕಾಣಿಸಿತು. ಸ್ವಿಟ್ಜರ್ಲೆಂಡಿನ ಈ ಕ್ರೈಸ್ತ ಮಿಷನರಿ ಸಂಸ್ಥೆ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ತಾರಸಿ ಹಾಕಿಸು ಎಂದವರೇ ಎಲ್ಲ, ನನಗೆ ಮನಸ್ಸಾಗಲಿಲ್ಲ. ಹಂಚಿನಡಿಯಲ್ಲಿ ಗೆದ್ದಲು ತಿಂದ ಮರದ ಪಕ್ಕಾಸು, ರೀಪುಗಳನ್ನಷ್ಟೇ ಬದಲಿಸಿ ಅದೇ ಹಂಚು ಹೊದಿಸಿದೆವು.

ನನ್ನನ್ನು ಹೆಚ್ಚು ನೋಯಿಸಿದ್ದು ಗೋಡೆ. ಹತ್ತು ವರ್ಷಗಳ ಹಿಂದೆ ಅದಕ್ಕೆ ಸಿಮೆಂಟ್ ಗಾರೆ ಹಾಕಿಸಿದವಳು ನಾನೇ. ಗೋಡೆಯ ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು, ಮಳೆಗಾಲದಲ್ಲಿ ನೀರು ಹೀರುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಸಿಮೆಂಟ್ ಆ ದಾರಿಯನ್ನು ಮುಚ್ಚಿತು. ಒಳಗೆ ತೇವ ನಿಂತು ಗಾರೆ ಹಕ್ಕಳೆ ಹಕ್ಕಳೆಯಾಗಿ ಉದುರತೊಡಗಿತು. ಈ ಸಲ ಮೇಸ್ತ್ರಿ ಅದನ್ನೆಲ್ಲ ಕೆತ್ತಿ ತೆಗೆದು, ಅರಳಿದ ಸುಣ್ಣಕ್ಕೆ ಮರಳು ಬೆರೆಸಿ ತೆಳುವಾಗಿ ಎರಡು ಸಲ ಬಳಿದರು.

“ಅವಸರ ಮಾಡಬೇಡಿ ಅಮ್ಮ, ಸುಣ್ಣ ನಿಧಾನವಾಗಿಯೇ ಗಟ್ಟಿಯಾಗುವುದು” ಎಂದರು. ಕಾದೆ.

ಚಾವಡಿಯ ಕಾವಿ ನೆಲಕ್ಕೆ ಟೈಲ್ಸ್ ಬೇಡವೇ ಬೇಡ ಎಂದು ಹಟ ಹಿಡಿದೆ. ಅಜ್ಜಯ್ಯ ಊಟಕ್ಕೆ ಕೂರುತ್ತಿದ್ದ ಮೂಲೆ ಈಗಲೂ ಉಳಿದ ನೆಲಕ್ಕಿಂತ ನುಣುಪು. ನಿನ್ನೆ ಅಲ್ಲಿ ತೆಂಗಿನೆಣ್ಣೆ ಹಚ್ಚಿ ಬಟ್ಟೆಯಿಂದ ಒರೆಸಿದೆ. ಹಲಸಿನ ಕಂಬದ ನೆರಳು ನೆಲದಲ್ಲಿ ಮೂಡಿತು.