ಪುಣ್ಯತಿಥಿಯ ಚೆಕ್ಕು, ಜುಲೈನ ಫೀಸು

ವಿರಾಜಪೇಟೆ ಕಡೆಯ ಒಂದು ತೋಟದ ಕುಟುಂಬ ತೀರಿಹೋದ ತಂದೆಯ ನೆನಪಿಗೆ ಇಟ್ಟಿರುವ ವಿದ್ಯಾನಿಧಿಯ ಕಚೇರಿ ಕೆಲಸ ನನ್ನದು. ಕಚೇರಿ ಎಂದರೆ ಒಂದು ಮೇಜು, ಒಂದು ಬೀರು, ಮಳೆಗಾಲದಲ್ಲಿ ಬೂಷ್ಟು ಹಿಡಿಯುವ ಫೈಲುಗಳು. ತೋಟದ ಕಾರ್ಮಿಕರು, ಜೀಪು ಚಾಲಕರು, ಗಾರೆ ಕೆಲಸದವರ ಮಕ್ಕಳು ಐಟಿಐಯನ್ನೋ ಡಿಪ್ಲೊಮಾವನ್ನೋ ನರ್ಸಿಂಗನ್ನೋ ಓದಲು ಇಲ್ಲಿಂದ ಹಣ ಹೋಗುತ್ತದೆ. ಇಡುಗಂಟನ್ನು ಮುಟ್ಟುವಂತಿಲ್ಲ, ಬಡ್ಡಿ ಮಾತ್ರ ಖರ್ಚಿಗೆ.

ನಾನು ಸೇರಿದಾಗ ಇದ್ದ ಪದ್ಧತಿ ಇದು: ಫೀಸು ಕಟ್ಟಿದ ರಸೀದಿಯನ್ನು ಅರ್ಜಿಗೆ ಲಗತ್ತಿಸಬೇಕು, ಡಿಸೆಂಬರಿನಲ್ಲಿ ಬರುವ ಪುಣ್ಯತಿಥಿಯ ದಿನ ವೇದಿಕೆಯ ಮೇಲೆ ಚೆಕ್ಕು ಪಡೆಯಬೇಕು. ಕೊಡುವವರ ಮನಸ್ಸಿನಲ್ಲಿ ಕಪಟವಿರಲಿಲ್ಲ. ಆದರೆ ರಸೀದಿ ಕೇಳುವುದೆಂದರೆ ಮೊದಲು ಎಲ್ಲಿಂದಾದರೂ ತಂದು ಕಟ್ಟಿ ಬಾ ಎಂದಂತೆಯೇ ಅಲ್ಲವೇ?

ಆ ‘ಎಲ್ಲಿಂದಾದರೂ’ ಎಂದರೆ ಎಲ್ಲಿಂದ ಎಂಬುದು ಒಬ್ಬ ತಾಯಿಯ ಬಾಯಿಂದ ತಿಳಿಯಿತು. ಮಗ ಎಲೆಕ್ಟ್ರಿಷಿಯನ್ ಟ್ರೇಡಿನ ಮೊದಲ ವರ್ಷದಲ್ಲಿದ್ದ. ಚೆಕ್ಕು ಪಡೆಯಲು ಬಂದಾಗ ಅವನ ಬೆರಳುಗಳು ಕಾಫಿ ಹಣ್ಣಿನ ಅಂಟಿನಿಂದ ಕಪ್ಪಾಗಿದ್ದವು. ಕಾಲೇಜಿಗೆ ರಜೆಯೇ ಎಂದು ಕೇಳಿದೆ. ಅವನು ತಾಯಿಯ ಮುಖ ನೋಡಿದ.

“ರಜೆಯಲ್ಲ ಮೇಡಂ. ಜುಲೈಯಲ್ಲಿ ಫೀಸಿಗೆ, ಯೂನಿಫಾರ್ಮಿಗೆ ಎಂದು ಸಾಹುಕಾರರ ಹತ್ತಿರ ಮುಂಗಡ ತೆಗೆದುಕೊಂಡಿದ್ದೆವು. ಕೊಯ್ಲಿನಲ್ಲಿ ತೀರಿಸಬೇಕು. ಕಿಲೋ ಲೆಕ್ಕದ ಕೂಲಿ ನೋಡಿ, ಇವನೂ ಕೊಯ್ದರೆ ಬೇಗ ತೀರುತ್ತದೆ.”

ಐಟಿಐಯಲ್ಲಿ ಶೇ 80 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ರೊಬಸ್ಟಾ ಕೊಯ್ಲು ಡಿಸೆಂಬರಿನಿಂದ ಫೆಬ್ರವರಿಯವರೆಗೆ ಎಳೆಯುತ್ತದೆ. ಜುಲೈಯಲ್ಲಿ ಕೊಡಬಹುದಾಗಿದ್ದ ಹಣವನ್ನು ನಾವು ಡಿಸೆಂಬರಿಗೆ ಇಟ್ಟುಕೊಂಡಿದ್ದರಿಂದ ಹುಡುಗ ತರಗತಿ ಬಿಟ್ಟು ತೋಟಕ್ಕೆ ಇಳಿದಿದ್ದ. ಸರ್ಕಾರಿ ಐಟಿಐಯ ಫೀಸೇನೂ ದೊಡ್ಡ ಮೊತ್ತವಲ್ಲ. ಮಳೆಗಾಲದಲ್ಲಿ ತೋಟದ ಕೆಲಸ ಕಡಿಮೆ, ಕೈ ಖಾಲಿ. ಆ ಹೊತ್ತಿಗೆ ಸಣ್ಣ ಮೊತ್ತವೂ ಸಾಲವೇ. ಸರ್ಕಾರದ ವಿದ್ಯಾರ್ಥಿವೇತನ ಇದೆಯಲ್ಲ ಎನ್ನುವವರಿದ್ದಾರೆ. ಇದೆ. ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಖಾತೆಗೆ ಆಧಾರ್ ಜೋಡಣೆ ಎಲ್ಲ ಮುಗಿದು ಅದು ತನ್ನ ಗತಿಯಲ್ಲಿ ಬರುತ್ತದೆ. ಅದನ್ನು ನಂಬಿ ಜುಲೈಯಲ್ಲಿ ಯಾರೂ ಬೂಟು ಕೊಳ್ಳಲಾರರು.

ಹಣವನ್ನು ಜುಲೈಯಲ್ಲೇ ಕೊಡೋಣ ಎಂದು ನಿಧಿ ಇಟ್ಟ ಮನೆಯವರನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಹಿರಿಯ ಮಗಳು ಕೇಳಿದ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ: “ಅಪ್ಪನ ದಿನ ಕೊಡದಿದ್ದರೆ ಅದು ಅಪ್ಪನ ಹೆಸರಿನ ಹಣ ಹೇಗಾಗುತ್ತದೆ?” ನಾನು ವಾದಕ್ಕಿಳಿಯದೆ ಹಾಜರಿ ಪಟ್ಟಿಗಳನ್ನು ತರಿಸಿ ಮುಂದಿಟ್ಟೆ. ಡಿಸೆಂಬರ್, ಜನವರಿಯ ಕಾಲಂಗಳನ್ನು ಅವರು ಬೆರಳಿಟ್ಟು ಓದಿದರು. ತೋಟದವರಿಗೆ ಆ ತಿಂಗಳುಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಠೇವಣಿಯ ಬಡ್ಡಿ ವರ್ಷಕ್ಕೊಮ್ಮೆ ಬರುವ ಬದಲು ಮೂರು ತಿಂಗಳಿಗೊಮ್ಮೆ ಖಾತೆಗೆ ಬೀಳುತ್ತದೆ. ಬ್ಯಾಂಕಿಗೆ ಒಂದು ಪತ್ರ ಕೊಟ್ಟರೆ ಆಗುವ ಕೆಲಸ ಅದು. ಸೀಟು ಹಂಚಿಕೆಯ ಪತ್ರ ತೋರಿಸಿದರೆ ಮೊದಲ ಕಂತು, ರಸೀದಿ ಆಮೇಲೆ. ಎರಡನೆಯ ಕಂತು ಕೊಯ್ಲು ಶುರುವಾಗುವಾಗ, ಹಾಜರಿ ನೋಡಿಕೊಂಡು. ಪುಣ್ಯತಿಥಿಯ ಊಟ ನಿಂತಿಲ್ಲ, ಓದು ಮುಗಿಸಿದವರನ್ನೂ ಕರೆಯುತ್ತಾರೆ.

ಬಸ್ಸಿನ ಖರ್ಚನ್ನೂ ಸೇರಿಸಿಕೊಂಡೆವು. ಇದಕ್ಕೆ ಸಮಿತಿಯಲ್ಲಿ ಒಬ್ಬರು, ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಬಸ್ಸು ಉಚಿತವಲ್ಲವೇ ಎಂದರು. ಸರ್ಕಾರಿ ಬಸ್ಸಿನಲ್ಲಿ ಉಚಿತ, ನಿಜ. ತೋಟದ ಕಾರ್ಮಿಕರು ಇರುವ ಲೈನ್ ಮನೆಯ ಹತ್ತಿರ ಬೆಳಿಗ್ಗೆ ಬರುವುದು ಖಾಸಗಿ ಬಸ್ಸು ಎಂಬುದು ಕಾರಿನಲ್ಲಿ ಓಡಾಡುವವರಿಗೆ ತಿಳಿದಿರಬೇಕೆಂದೇನೂ ಇಲ್ಲ.

ಅರ್ಜಿದಾರರ ಮನೆಯವರು ಈಗಲೂ ಕೇಳುವುದು ಒಂದೇ: ಕಲಿತರೆ ಇಲ್ಲಿ ಕೆಲಸ ಎಲ್ಲಿದೆ? ರೈಲೂ ಇಲ್ಲದ ಜಿಲ್ಲೆ, ದೊಡ್ಡ ಕಾರ್ಖಾನೆಗಳಿಲ್ಲ. ಫಿಟ್ಟರ್ ಓದಿದವರು ಹೆಚ್ಚಾಗಿ ಮೈಸೂರಿಗೇ ಹೋಗಬೇಕು ಎಂದು ಮೊದಲೇ ಹೇಳಿಬಿಡುತ್ತೇನೆ. ಎಲೆಕ್ಟ್ರಿಷಿಯನ್ ಮಾತು ಬೇರೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ಪಂಪುಗಳು ಹಗಲು ರಾತ್ರಿ ಓಡಿ ಮೋಟರುಗಳು ಸುಡುತ್ತವೆ, ರಿವೈಂಡಿಂಗ್ ಅಂಗಡಿಗಳ ಮುಂದೆ ಅವು ಸಾಲುಗಟ್ಟುತ್ತವೆ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು, ಕುಶಾಲನಗರದಲ್ಲೇ ಸರ್ಕಾರಿ ಪಾಲಿಟೆಕ್ನಿಕ್ ಇದೆ ಎಂದಾಗ ಅಪ್ಪಂದಿರು ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಳ್ಳುತ್ತಾರೆ.

ಇನ್ನೂ ಬಗೆಹರಿಯದೆ ಉಳಿದಿರುವುದು ಅಸ್ಸಾಮಿನಿಂದ ಬಂದ ಕಾರ್ಮಿಕರ ಮಕ್ಕಳ ಪ್ರಶ್ನೆ. ನಿಧಿಯ ಪತ್ರದಲ್ಲಿ ‘ಕೊಡಗಿನ ನಿವಾಸಿಗಳು’ ಎಂದಿದೆ. ಲೈನ್ ಮನೆಯಲ್ಲಿ ವರ್ಷಗಟ್ಟಲೆ ಇದ್ದು ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದ ಹುಡುಗಿ ನಿವಾಸಿಯೋ ಅಲ್ಲವೋ? ನನ್ನ ಪ್ರಕಾರ ಹೌದು. ಶಾಲೆಯ ವ್ಯಾಸಂಗ ಪ್ರಮಾಣಪತ್ರವನ್ನೇ ಪುರಾವೆಯಾಗಿ ಒಪ್ಪಬೇಕೆಂದು ಟಿಪ್ಪಣಿ ಬರೆದಿದ್ದೇನೆ, ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಅದೇ ಮೊದಲನೆಯದು.